ಅಳಿವೆಬಾಗಿಲಿನ ಹುಟ್ಟು

ಮಂಗಳೂರಿನ ಹಂಪನಕಟ್ಟೆಯ ಗದ್ದಲವನ್ನು ಹಿಂದಕ್ಕೆ ಬಿಟ್ಟು ಪಡುವಣಕ್ಕೆ ಇಳಿದು, ಹಳೆಯ ಬಂದರಿನ ಸಗಟು ಅಂಗಡಿಗಳ ಸಾಲನ್ನು ದಾಟಿದರೆ, ಒಣಮೆಣಸು, ಬೆಲ್ಲ, ಗೋಣಿತಾಟುಗಳ ವಾಸನೆ ಮುಗಿಯುವಲ್ಲಿ ಮೀನಿನ ವಾಸನೆ ಮೊದಲಾಗುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದಿಟ್ಟರೆ ನೀರು. ಊರಿಗೆ ಹೊಸದಾಗಿ ಬಂದವರು ಅದನ್ನೇ ಸಮುದ್ರವೆಂದು ತಿಳಿದು ಕೈಮುಗಿಯುವುದೂ ಉಂಟು. ಅದು ಸಮುದ್ರವಲ್ಲ, ಗುರುಪುರ ನದಿ. ಫಲ್ಗುಣಿಯೆಂಬ ಪೌರಾಣಿಕವಾದ ಹೆಸರೂ ಅದಕ್ಕಿದೆ. ಘಟ್ಟದಿಂದ ಇಳಿದು ಬಂದ ಈ ಹೊಳೆ ಕಡಲಿನ ಸದ್ದು ಕೇಳುವಷ್ಟು ಸಮೀಪಕ್ಕೆ ಬಂದ ಮೇಲೆ, ಏನನ್ನೋ ನೆನೆಸಿಕೊಂಡವರಂತೆ ತೆಂಕಣಕ್ಕೆ ತಿರುಗಿ, ಒಂದು ಕಿರಿದಾದ ಮರಳಿನ ಪಟ್ಟಿಯ ಮರೆಯಲ್ಲಿ ಬಹುದೂರ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಮೂಡಣದಿಂದ ಬಂದ ನೇತ್ರಾವತಿ ಅದರ ಕೈಹಿಡಿದ ಬಳಿಕವೇ ಎರಡೂ ಒಂದಾಗಿ ಅರಬ್ಬೀ ಸಮುದ್ರವನ್ನು ಸೇರುವುದು. ಆ ಸಂಗಮದ ಸ್ಥಳವನ್ನು ಮಂಗಳೂರಿನವರು ಅಳಿವೆಬಾಗಿಲು ಎನ್ನುತ್ತಾರೆ. ನದಿಗೂ ಕಡಲಿಗೂ ನಡುವಣ ಮರಳಿನ ಪಟ್ಟಿಯೇ ಬೆಂಗ್ರೆ.

ಬಂದರಿನಿಂದ ಬೆಂಗ್ರೆಗೆ ಯಂತ್ರದ ದೋಣಿ ಕೆಲವೇ ನಿಮಿಷಗಳಲ್ಲಿ ದಾಟಿಸುತ್ತದೆ. ಶಾಲೆಯ ಮಕ್ಕಳು, ಬುಟ್ಟಿ ಹೊತ್ತ ಹೆಂಗಸರು, ಪೇಟೆಯ ಕೆಲಸ ಮುಗಿಸಿ ಮನೆಗೆ ಮರಳುವ ಗಂಡಸರು, ಎಲ್ಲರೂ ಅದರಲ್ಲಿ ನಿಂತೇ ದಾಟುತ್ತಾರೆ. ಮೂರು ನಿಮಿಷದ ದಾರಿಗೆ ಕುಳಿತುಕೊಳ್ಳುವವರಾರು! ಯಂತ್ರದ ಸದ್ದು ನಿಂತಾಗ ದಂಡೆಗೆ ಕಟ್ಟಿದ ಸಣ್ಣ ದೋಣಿಗಳ ಕಡೆಗೆ ಕಣ್ಣು ಹಾಯಿಸಿದವರಿಗೆ, ಅವುಗಳ ಒಳಗೆ ಬಲೆಯ ಪಕ್ಕದಲ್ಲಿ ಉದ್ದಕ್ಕೆ ಮಲಗಿರುವ ಒಂದು ಮರದ ವಸ್ತು ಕಂಡೀತು. ಎಣ್ಣೆ ಕುಡಿದು ಕಪ್ಪಾಗಿ, ಕೈ ಹಿಡಿಯುವಲ್ಲಿ ಮಾತ್ರ ಬೆಳ್ಳಗೆ ಸವೆದ ವಸ್ತು. ಅದೇ ಹುಟ್ಟು.

ಹುಟ್ಟು ಎಂಬ ಮಾತು ಕನ್ನಡದಲ್ಲಿ ಜನ್ಮವನ್ನು ಹೇಳುವಂತೆ ದೋಣಿ ನಡೆಸುವ ಕೋಲನ್ನೂ ಹೇಳುತ್ತದೆ. ಹಳೆಯ ನಿಘಂಟುಗಳನ್ನು ತೆರೆದು ನೋಡಿದರೆ ಅಡಿಗೆಮನೆಯ ಮರದ ಸೌಟಿಗೂ ಅದೇ ಹೆಸರು. ಎರಡರ ರೂಪವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಒಂದು ಅಂಬಲಿಯನ್ನು ಕದಡುತ್ತದೆ, ಇನ್ನೊಂದು ಹೊಳೆಯನ್ನು. ಸಂಸ್ಕೃತದಲ್ಲಿ ಇದರ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ಋಗ್ವೇದದಲ್ಲಿ ಅಶ್ವಿನೀದೇವತೆಗಳು ಭುಜ್ಯುವನ್ನು ನಡುಗಡಲಿನಿಂದ ಪಾರುಮಾಡಿ ತಂದ ನೌಕೆ ನೂರು ಅರಿತ್ರಗಳದು. ಅಲ್ಲಿ ಅರಿತ್ರವೆಂದರೆ ಹುಟ್ಟು. ಅಮರಸಿಂಹನ ಕೋಶದ ವೇಳೆಗೆ ಹುಟ್ಟಿಗೆ ನೌಕಾದಂಡ, ಕ್ಷೇಪಣಿ ಎಂಬ ಹೆಸರುಗಳು ಬಂದು, ಅರಿತ್ರವು ಚುಕ್ಕಾಣಿಯ ಸಾಲಿಗೆ ಸರಿದುಹೋಗಿದೆ. ದೋಣಿಯನ್ನು ನೂಕುವ ಉಪಕರಣ, ದೋಣಿಯನ್ನು ತಿರುಗಿಸುವ ಉಪಕರಣವಾಯಿತು. ಪಂಡಿತರು ಇದನ್ನು ಅರ್ಥವ್ಯತ್ಯಾಸವೆನ್ನುತ್ತಾರೆ. ಅಂಬಿಗನನ್ನು ಕೇಳಿದರೆ ಅವನು ನಕ್ಕಾನು. ಅವನ ಕೈಯಲ್ಲಿ ಒಂದೇ ಹುಟ್ಟು ಎರಡು ಕೆಲಸವನ್ನೂ ಮಾಡುತ್ತದೆ.

ಈ ಊರು ಬೆಳೆದದ್ದೇ ಹುಟ್ಟಿನ ಮತ್ತು ಹಾಯಿಯ ಬಲದಿಂದ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಇಲ್ಲಿಂದ ತೆಂಕಣಕ್ಕೆ ಹೋಗಿ, ಕಲ್ಲಿಕೋಟೆಯಲ್ಲಿ ಚೀನದ ಹಡಗುಗಳನ್ನು ಕಂಡು, ಅವುಗಳ ಹುಟ್ಟುಗಳು ಪಟದ ಕಂಬಗಳಷ್ಟು ದೊಡ್ಡವೆಂದೂ ಒಂದೊಂದಕ್ಕೆ ಹತ್ತು ಹದಿನೈದು ಜನ ಬೇಕೆಂದೂ ಬರೆದಿಟ್ಟಿದ್ದಾನೆ. ಮಂಗಳೂರಿನ ಹುಟ್ಟುಗಳಿಗೆ ಅಂಥ ವೈಭವವಿರಲಿಲ್ಲ. ಆದರೆ 1907ರಲ್ಲಿ ರೈಲು ಬಂದು ಮುಟ್ಟುವವರೆಗೆ ತೆಂಕಣಿಂದ ಈ ಪಟ್ಟಣಕ್ಕೆ ಬಂದವರು ನೇತ್ರಾವತಿಯನ್ನು ದೋಣಿಯಲ್ಲೇ ದಾಟಬೇಕಿತ್ತು. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಹೆಂಚಿನ ಉದ್ಯಮಕ್ಕೆ ಜೇಡಿಮಣ್ಣು ಬಂದದ್ದು ಹೊಳೆಯ ದೋಣಿಗಳಲ್ಲಿ. ಸುಟ್ಟ ಹೆಂಚು ಮಂಜಿಗಳನ್ನೇರಿ ಹೋದದ್ದು ಹೊಳೆಯ ದಾರಿಯಾಗಿಯೇ. ಕಡಲ ಕರೆಯಲ್ಲಿ ಮೊಗವೀರರ ರಂಪಣಿ ಬಲೆ ಇತ್ತು. ಅದನ್ನು ಹೇರಿಕೊಂಡ ದೊಡ್ಡ ದೋಣಿ ದಡದಿಂದ ಹೊರಟು, ಅರ್ಧಚಂದ್ರಾಕಾರವಾಗಿ ಬಲೆಯನ್ನು ಬಿಡುತ್ತ ಮತ್ತೆ ದಡಕ್ಕೆ ಬರಬೇಕು. ಮೀನಿನ ಹಿಂಡು ಚದರುವ ಮೊದಲೇ ಬರಬೇಕು. ಆ ವೇಗವನ್ನು ಕೊಡುತ್ತಿದ್ದುದು ತಾಳ ತಪ್ಪದೆ ಒಟ್ಟಿಗೆ ಏಳುವ, ಒಟ್ಟಿಗೆ ಬೀಳುವ ಹುಟ್ಟುಗಳು.

ಇಂಥ ಹುಟ್ಟನ್ನು ಮಾಡುವುದು ಒಂದು ವಿದ್ಯೆಯೇ? ಮರದ ಕೋಲಿಗೆ ಒಂದು ಹಲಗೆ ಬಡಿದರಾಯಿತಲ್ಲವೆ? ಪೇಟೆಯವನಿಗೆ ಹೀಗೆನ್ನಿಸುವುದು ಸಹಜ. ಪಡುವಣ ಕರಾವಳಿಯಲ್ಲಿ ಗಳುವಿಗೆ ಹಲಗೆಯ ಅಲಗನ್ನು ಕಟ್ಟಿ ಮಾಡುವ ಹುಟ್ಟುಗಳೂ ಹಿಂದಿನಿಂದ ಇವೆ; ಅವು ಕೆಲಸವನ್ನೂ ಮಾಡುತ್ತವೆ. ಆದರೆ ಒಂದೇ ಮರದಿಂದ ಹಿಡಿ, ದಂಡ, ಅಲಗು ಮೂರನ್ನೂ ತೆಗೆಯುವ ಕೆಲಸ ಬೇರೆ ಬಗೆಯದು. ಅದನ್ನು ಕಲಿಯಬೇಕೆಂದು ಹೊಳೆಯ ದಂಡೆಯ ದೋಣಿ ಕಟ್ಟುವ ಅಂಗಳವೊಂದಕ್ಕೆ ಬಂದ ಹದಿನೆಂಟರ ಒಬ್ಬ ತರುಣನನ್ನು ವಾಚಕರು ಕಲ್ಪಿಸಿಕೊಳ್ಳಬಹುದು.

ಬಂದವನೇ ಅವನು ಕೇಳುವ ಮೊದಲ ಪ್ರಶ್ನೆ: “ಎಷ್ಟು ಉದ್ದ ಕೊಯ್ಯಬೇಕು, ಆಚಾರ್ರೇ?”

ಮುದುಕರಾದ ಆಚಾರಿ ಉತ್ತರ ಕೊಡುವುದಿಲ್ಲ, ತಿರುಗಿ ಕೇಳುತ್ತಾರೆ: “ಯಾವ ದೋಣಿಗೆ, ಮಗಾ? ಕೂತುಕೊಳ್ಳುವುದು ಯಾರು?”

ಈ ಮರುಪ್ರಶ್ನೆಯಲ್ಲಿ ವಿದ್ಯೆಯ ಅರ್ಧ ಭಾಗ ಅಡಗಿದೆ. ಹುಟ್ಟು ಒಂದು ಸನ್ನೆಕೋಲು. ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದಿರುವ ಯಂತ್ರಶಾಸ್ತ್ರದ ಗ್ರಂಥವೊಂದರಲ್ಲಿ, ಹಡಗಿನ ನಡುವೆ ಕುಳಿತ ಹುಟ್ಟುಗಾರರೇ ಹಡಗನ್ನು ಹೆಚ್ಚು ನಡೆಸುವುದೇಕೆ ಎಂಬ ಪ್ರಶ್ನೆ ಬರುತ್ತದೆ. ಹಡಗು ನಡುವಿನಲ್ಲಿ ಅಗಲ. ಆದ್ದರಿಂದ ಅಲ್ಲಿ ಹುಟ್ಟಿನ ಹೆಚ್ಚು ಭಾಗ ಒಳಗೆ ಉಳಿಯುತ್ತದೆ. ಒಳಗೆ ಉದ್ದವಿದ್ದಷ್ಟೂ ಬಲ ಹೆಚ್ಚು ಎಂಬುದು ಅಲ್ಲಿಯ ಸಮಾಧಾನ. ಪಾಶ್ಚಾತ್ಯ ದೋಣಿಗಾರರು ಇದನ್ನು ಲೆಕ್ಕಕ್ಕೆ ಇಳಿಸಿದ್ದಾರೆ. ದೋಣಿಯ ಎರಡು ಅಂಚುಗಳ ಗೂಟಗಳ ನಡುವಣ ಅಂತರದ ಅರ್ಧಕ್ಕೆ ಎರಡು ಅಂಗುಲ ಕೂಡಿಸಿದರೆ ಒಳಗಿನ ಉದ್ದ. ಅದು ಏಳು ಪಾಲಾದರೆ ಹೊರಗಿನದು ಹದಿನೆಂಟು ಪಾಲು. ನಾಲ್ಕು ಅಡಿ ಅಗಲದ ದೋಣಿಗೆ ಒಳಗೆ 26 ಅಂಗುಲ, ಹೊರಗೆ 67, ಒಟ್ಟು 93 ಅಂಗುಲ. ಲೆಕ್ಕ ಸರಿ. ಆದರೆ ಕೂತುಕೊಳ್ಳುವವನು ತೋಳುದ್ದದವನೋ ಗಿಡ್ಡನೋ, ದೋಣಿಯ ಅಂಚು ನೀರಿನಿಂದ ಗೇಣೆತ್ತರವೋ ಮೊಳದೆತ್ತರವೋ, ಹೋಗುವುದು ಹೊಳೆಗೋ ಕಡಲಿಗೋ ಎಂಬುದನ್ನು ಲೆಕ್ಕ ಕೇಳುವುದಿಲ್ಲ, ಆಚಾರಿ ಕೇಳುತ್ತಾರೆ. ಆದಕಾರಣ ತರುಣನ ಮೊದಲ ಪಾಠ ಅಂಗಳದಲ್ಲಿ ಅಲ್ಲ, ನೀರಿನಲ್ಲಿ. ಯಾರದೋ ಹಳೆಯ ಹುಟ್ಟನ್ನು ಹಿಡಿದು ಅಂಗೈ ಬೊಕ್ಕೆಯೇಳುವವರೆಗೆ ದೋಣಿ ನಡೆಸಿ ಬರುವುದೇ ಆ ಪಾಠ. ಬೊಕ್ಕೆ ಎಲ್ಲಿ ಎದ್ದಿದೆ ಎಂಬುದನ್ನು ಆಚಾರಿ ಕೈಹಿಡಿದು ನೋಡಿದರೆ ಆಶ್ಚರ್ಯವಿಲ್ಲ.

ಎರಡನೆಯ ಪಾಠ ಮರದ್ದು. ಈ ಕರಾವಳಿಯ ದೋಣಿಗೆ ಹೆಬ್ಬಲಸು, ಮಾವು ಮುಂತಾದವು ಒದಗುತ್ತವೆ. ಅವಕ್ಕೆ ನೀರು ತಡೆಯುವ ಗುಣವಿದ್ದರಾಯಿತು, ತೂಕದ ಚಿಂತೆಯಿಲ್ಲ. ಹುಟ್ಟಿನ ಮರವೋ, ದಿನಕ್ಕೆ ಸಾವಿರ ಸಲ ಎತ್ತಿ ಇಳಿಸಬೇಕಾದದ್ದು. ಹಗುರವಾಗಿರಬೇಕು, ಆದರೆ ಟೊಳ್ಳಾಗಿರಬಾರದು. ಬಾಗಬೇಕು, ಆದರೆ ಬಾಗಿದ್ದು ಮರಳಿ ನೆಟ್ಟಗಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಎಳೆ ನೇರವಾಗಿರಬೇಕು. ಇಂಗ್ಲೆಂಡಿನವರು ಇದಕ್ಕೆ ಆಶ್ ಮರವನ್ನೂ ಅಮೆರಿಕದವರು ಸ್ಪ್ರೂಸನ್ನೂ ನೆಚ್ಚಿಕೊಂಡರು. ನಮ್ಮ ಘಟ್ಟದ ಕಾಡುಗಳಲ್ಲಿ ಸುರಹೊನ್ನೆಯ ಕುಲಕ್ಕೆ ಸೇರಿದ, ಕಂಬದಂತೆ ನೇರವಾಗಿ ಬೆಳೆಯುವ ಮರವೊಂದಿದೆ. ಇಂಗ್ಲಿಷರು ಅದನ್ನು ಪೂನ್ ಎಂದು ಕರೆದು, 19ನೆಯ ಶತಮಾನದಲ್ಲಿ ಹಡಗುಗಳ ಪಟದ ಕಂಬಕ್ಕಾಗಿ ಕನ್ನಡ ಜಿಲ್ಲೆಯಿಂದಲೂ ಕೊಡಗಿನಿಂದಲೂ ಕಡಿದು ಸಾಗಿಸಿದರು. ಒಳ್ಳೆಯ ಮರಕ್ಕೆ ಅದರ ಗುಣವೇ ಶತ್ರು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇಂದು ಕಾಡಿನ ಮರ ಕೈಗೆ ಸಿಕ್ಕುವುದಿಲ್ಲ. ಡಿಪೋದಲ್ಲಿ ಸಿಕ್ಕಿದ ತುಂಡಿನಲ್ಲೇ ಆರಿಸಿಕೊಳ್ಳಬೇಕು. ತರುಣನು ಹಲಗೆಯ ಅಂಚಿನ ಮೇಲೆ ಕಣ್ಣನ್ನು ಓಡಿಸುವುದನ್ನು ಕಲಿಯುತ್ತಾನೆ. ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಹಲಗೆಯ ಜೊತೆಗೇ ಸಾಗಬೇಕು. ನಡುವೆ ಅಂಚಿನಿಂದ ಹೊರಗೆ ಜಾರಿಹೋದರೆ ಹುಟ್ಟು ಒಂದು ದಿನ ಅಲ್ಲಿಯೇ ಮುರಿಯುತ್ತದೆ. ಗಂಟು ಇರಬಾರದು. ದಂಡದ ಕತ್ತಿನಲ್ಲಿ, ಅಲಗು ಹೊರಡುವಲ್ಲಿ, ಕಡಲೆಯಷ್ಟು ಗಂಟೂ ಇರಬಾರದು. ಹಸಿ ಮರವನ್ನು ಬಿಸಿಲಿನಲ್ಲಿ ಒಣಗಿಸುವ ಆತುರ ಎಲ್ಲ ಹೊಸಬರಿಗೂ ಇರುತ್ತದೆ. ಬಿಸಿಲಿಗೆ ಮರದ ಹೊರಗು ಬೇಗನೆ ಕುಗ್ಗಿ, ಒಳಗು ಹಸಿಯಾಗಿಯೇ ಉಳಿದು, ತುದಿಯಿಂದ ಸೀಳು ಬಿಡುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ, ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದು, ತಿಂಗಳುಗಟ್ಟಲೆ ಕಾಯಬೇಕು. ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಆ ಕಾಯುವಿಕೆ ಇನ್ನೂ ದೀರ್ಘ.

ಮರ ಸಿದ್ಧವಾದ ಮೇಲೆ ಕೆಲಸ ಬೇಗನೆ ಸಾಗುತ್ತದೆಂದು ಭಾವಿಸಬಾರದು. ಮೊದಲು ನೂಲು ಹೊಡೆದು ನಡುಗೆರೆ ಎಳೆಯುತ್ತಾರೆ. ಕೊನೆಯವರೆಗೂ ಕಾಪಾಡಿಕೊಳ್ಳಬೇಕಾದ ಗೆರೆ ಅದೊಂದೇ; ಅಳಿಸಿದರೆ ಮತ್ತೆ ಹೊಡೆಯಬೇಕು. ಅದರ ಎರಡು ಪಕ್ಕಕ್ಕೆ ಹುಟ್ಟಿನ ಆಕಾರವನ್ನು ಬರೆದು, ಗರಗಸದಿಂದಲೂ ಬಾಚಿಯಿಂದಲೂ ಹೊರಗಿನ ಮರವನ್ನು ತೆಗೆಯುತ್ತಾರೆ. ಬಾಚಿ ಹಿಡಿದ ತರುಣನ ಉತ್ಸಾಹವನ್ನು ಕಂಡು ಆಚಾರಿ ಹೇಳುವ ಮಾತು ಎಲ್ಲ ಬಡಗಿಗಳೂ ಹೇಳುವ ಮಾತೇ: ತೆಗೆದ ಮರವನ್ನು ಮತ್ತೆ ಅಂಟಿಸಲಾಗದು.

ಈಗ ದಂಡ ಚೌಕವಾಗಿದೆ, ದುಂಡಾಗಬೇಕು. ಚೌಕವನ್ನು ಕಣ್ಣಂದಾಜಿನಿಂದ ದುಂಡು ಮಾಡಹೊರಟವರ ಹುಟ್ಟು ಒಂದು ಕಡೆ ಮೊಟ್ಟೆಯಂತೆಯೂ ಇನ್ನೊಂದು ಕಡೆ ಗುಜ್ಜೆಯಂತೆಯೂ ಆಗುವುದುಂಟು. ಇದಕ್ಕೆ ಒಂದು ಉಪಾಯವಿದೆ. ಚೌಕದ ಒಂದೊಂದು ಮುಖವನ್ನೂ 24 ಪಾಲೆಂದು ಎಣಿಸಿ, ಆ ಅಂಚಿನಿಂದ 7, ಈ ಅಂಚಿನಿಂದ 7 ಬಿಟ್ಟು ಗೆರೆ ಎಳೆದರೆ ನಡುವೆ 10 ಉಳಿಯುತ್ತದೆ. ಗೆರೆಯಿಂದ ಗೆರೆಗೆ ಮೂಲೆಯನ್ನು ಕೀಸಿ ತೆಗೆದರೆ ನಾಲ್ಕು ಮುಖದ ದಂಡ ಎಂಟು ಮುಖದ್ದಾಗುತ್ತದೆ. ಎಂಟೂ ಬಹುಮಟ್ಟಿಗೆ ಸಮ. ದಂಡ ತುದಿಗೆ ಹೋದಂತೆ ಕಿರಿದಾಗುವುದರಿಂದ ಗೆರೆಗಳೂ ಅದರೊಂದಿಗೆ ಒಳಸರಿಯಬೇಕು. ಆದ್ದರಿಂದ ಎರಡು ಮೊಳೆ, ಎರಡು ಕಾಲು ಇರುವ ಸಣ್ಣ ಮರದ ಗೆರೆಗೋಲೊಂದನ್ನು ಮಾಡಿಕೊಂಡು ದಂಡದ ಮೇಲೆ ಓರೆಯಾಗಿ ಎಳೆದುಕೊಂಡು ಹೋಗುತ್ತಾರೆ; ದಂಡ ಕಿರಿದಾದಲ್ಲಿ ಗೋಲು ಹೆಚ್ಚು ಓರೆಯಾಗಿ, ಪಾಲು ತಾನಾಗಿಯೇ ಸರಿಹೊಂದುತ್ತದೆ. ರೇಖಾಗಣಿತದ ಪುಸ್ತಕದಲ್ಲಿ ವರ್ಗಮೂಲ ತೆಗೆದು ಕಂಡುಹಿಡಿಯಬೇಕಾದ ಅಷ್ಟಭುಜಾಕೃತಿಯನ್ನು ಎರಡು ಮೊಳೆಗಳು ಹೀಗೆ ಬರೆದುಕೊಡುತ್ತವೆ. ಎಂಟನ್ನು ಹದಿನಾರು ಮಾಡಿದ ಮೇಲೆ ಉಳಿದದ್ದು ಕೀಸುಳಿಯ ಕೆಲಸ, ಅಂಗೈಯ ಕೆಲಸ. ಕಣ್ಣು ಇಲ್ಲಿ ಮೋಸಹೋಗುತ್ತದೆ. ಮುಚ್ಚಿದ ಕಣ್ಣಿನಿಂದ ದಂಡದ ಮೇಲೆ ಕೈಯಾಡಿಸಿದರೆ ಉಬ್ಬು ತಗ್ಗುಗಳು ತಾವಾಗಿಯೇ ಹೇಳಿಕೊಳ್ಳುತ್ತವೆ.

ಅಲಗಿನದು ಇನ್ನೊಂದು ಪಾಠ. ನಡುವೆ ಬೆನ್ನೆಲುಬಿನಂತೆ ಒಂದು ಏಣು ಉಳಿದು, ಅಲ್ಲಿಂದ ಎರಡೂ ಅಂಚಿಗೆ ಇಳಿಜಾರಾಗಿ ತೆಳುವಾಗುತ್ತ ಹೋಗಬೇಕು. ಅಂಚು ಕಾಲಂಗುಲದಷ್ಟು ಉಳಿದರೆ ಸಾಕು. ತುದಿಯನ್ನು ಮಾತ್ರ ಕೊಂಚ ದಪ್ಪವಾಗಿಯೇ ಬಿಡುವುದು ವಿವೇಕ. ದಡವನ್ನು ನೂಕುವಾಗ, ಕಲ್ಲಿಗೆ ತಾಗಿದಾಗ, ಪೆಟ್ಟು ತಿನ್ನುವುದು ಅದೇ. ಹಿಡಿಗೆ ಎಣ್ಣೆ ಬಣ್ಣಗಳನ್ನು ಬಳಿಯುವುದಿಲ್ಲ. ನುಣುಪಾದ ಹಿಡಿ ಒದ್ದೆ ಕೈಯಲ್ಲಿ ಜಾರುತ್ತದೆ, ಬೊಕ್ಕೆಯನ್ನೂ ಎಬ್ಬಿಸುತ್ತದೆ. ಬರಿಯ ಮರ ಬೆವರನ್ನು ಹೀರಿಕೊಂಡು ಕೈಗೆ ಒಗ್ಗುತ್ತದೆ. ದೋಣಿಯ ಅಂಚಿನ ಗೂಟಕ್ಕೆ ಹುಟ್ಟನ್ನು ಹಿಡಿದಿಡುವ ತೆಂಗಿನ ನಾರಿನ ಕುಣಿಕೆ ಉಜ್ಜುವ ಜಾಗಕ್ಕೆ ಸುತ್ತು ಕಟ್ಟಬೇಕು. ಇಲ್ಲವಾದರೆ ಹಗ್ಗವೇ ಮರವನ್ನು ತಿಂದುಹಾಕುತ್ತದೆ.

ಇಷ್ಟೆಲ್ಲ ಆದ ಮೇಲೆಯೂ ಹುಟ್ಟು ಮುಗಿದಿಲ್ಲ. ಕುಣಿಕೆ ಬರುವ ಸ್ಥಳದಲ್ಲಿ ಬೆರಳಿನ ಮೇಲೆ ತೂಗಿ ನೋಡಿದರೆ ಅಲಗಿನ ಕಡೆ ಸ್ವಲ್ಪವೇ ಬಾಗಬೇಕು. ಬಹಳ ಬಾಗಿದರೆ ಪ್ರತಿಸಲವೂ ಎತ್ತಲು ತೋಳು ಸೋಲುತ್ತದೆ. ಬಾಗದಿದ್ದರೆ ಅಲಗು ತಾನಾಗಿ ನೀರಿಗಿಳಿಯದೆ, ಅದನ್ನು ಒತ್ತುವ ಕೆಲಸವೂ ಅಂಬಿಗನ ಮೇಲೆ ಬೀಳುತ್ತದೆ. ಒಳಗಿನ ದಂಡವನ್ನು ದಪ್ಪವಾಗಿ ಬಿಡುವುದು ಈ ತೂಕಕ್ಕಾಗಿಯೇ. ಇನ್ನು ಕತ್ತು. ಅದು ಬಿಗಿಯಾಗಿದ್ದರೆ ಪ್ರತಿ ಎಳೆತದ ಪೆಟ್ಟೂ ಮಣಿಕಟ್ಟಿಗೆ ಬರುತ್ತದೆ. ಅತಿ ಸಡಿಲವಾದರೆ ಎಳೆದ ಬಲ ಬಾಗಿನಲ್ಲೇ ಕಳೆದುಹೋಗುತ್ತದೆ. ಎಷ್ಟು ಬಾಗಿದರೆ ಸರಿ? ಇದನ್ನು ಅಂಗುಲದಲ್ಲಿ ಹೇಳುವವರಿಲ್ಲ. ಹುಟ್ಟನ್ನು ಒಯ್ದು ಒಂದು ದಿನ ಕಡಲಿನಲ್ಲಿ ದುಡಿದು ಬಂದವನು ಹೇಳಬೇಕು.

ಈ ವಿದ್ಯೆಯ ಇಂದಿನ ಸಂಕಟವೂ ಇಲ್ಲಿಯೇ ಇದೆ. ಹುಟ್ಟಿಗೆ ಬಡಗಿ ಬೇಕು. ಬಡಗಿಗೆ ಹುಟ್ಟು ಹಾಕುವವನು ಬೇಕು. 1960ರ ದಶಕದಲ್ಲಿ ಯಂತ್ರದ ದೋಣಿಗಳು ಈ ಬಂದರಿನಲ್ಲಿ ಹೆಚ್ಚಿದವು. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆದು ದೊಡ್ಡ ಹಡಗುಗಳು ಅತ್ತ ಹೋದವು. ಹಳೆಯ ಬಂದರು ಮೀನಿನ ದೋಣಿಗಳಿಗೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೂ ಉಳಿಯಿತು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಲೆಯ ದೋಣಿಗಳು ಬಂದು, ದಡಕ್ಕೆ ಬರುವ ಮೀನನ್ನು ನಡುಗಡಲಿನಲ್ಲೇ ಸುತ್ತುಗಟ್ಟಿದಾಗ, ರಂಪಣಿಯ ಕಾಲ ಮುಗಿಯುತ್ತ ಬಂದಿತು. ಅದರೊಂದಿಗೆ ಹತ್ತಾರು ಜನ ಒಂದೇ ತಾಳದಲ್ಲಿ ಹುಟ್ಟು ಹಾಕುವ ಕೆಲಸವೂ. ಆಮೇಲೆ ಸಣ್ಣ ದೋಣಿಗಳ ಹಿಂಭಾಗಕ್ಕೂ ಸೀಮೆಎಣ್ಣೆಯ ಯಂತ್ರ ಬಂದು ಕುಳಿತಿತು. ಇದಕ್ಕಾಗಿ ಮೀನುಗಾರನನ್ನು ದೂರುವುದು ಅನ್ಯಾಯ. ಬಿಸಿಲಿನಲ್ಲಿ ಕಡಲಿಗೆ ಇದಿರಾಗಿ ತೋಳು ಸೋಲಿಸಿಕೊಂಡವನ ಮುಂದೆ ಯಂತ್ರವನ್ನು ತೆಗಳಿ, ದಡದಲ್ಲಿ ಕುಳಿತು ಹುಟ್ಟಿನ ಸೌಂದರ್ಯವನ್ನು ಹೊಗಳುವವರಿಗೆ ಒಂದು ದಿನ ಹುಟ್ಟನ್ನು ಕೈಗೆ ಕೊಡಬೇಕು.

ಪಂದ್ಯದ ದೋಣಿಗಳ ಲೋಕದಲ್ಲಿಯೂ ಮರ ಸೋತಿದೆ. ಅಲ್ಲಿ ಈಗ ಇಂಗಾಲದ ನಾರಿನಿಂದ ಎರಕಹೊಯ್ದ ಹುಟ್ಟುಗಳು. ಆದರೆ ಅಲ್ಲಿ ಹುಟ್ಟು ಹಾಕುವವರು ಸೋತಿಲ್ಲ. ಅವರು ಕಾರ್ಖಾನೆಗೆ ಹೋಗಿ ಇದು ಬಿಗಿ, ಅದು ಸಡಿಲ ಎಂದು ಇಂದಿಗೂ ಹೇಳುತ್ತಾರೆ. ಗುರುಪುರ ನದಿಯ ದಂಡೆಯಲ್ಲಿ ಹಾಗೆ ಹೇಳಬಲ್ಲ ಕೈಗಳು ವರ್ಷಕ್ಕೊಂದಿಷ್ಟು ಕಡಿಮೆಯಾಗುತ್ತಿವೆ. ಮರ ಸಿಕ್ಕೀತು, ಬಾಚಿ ಸಿಕ್ಕೀತು, ಏಳು ಹತ್ತು ಏಳರ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಬಹುದು. ಕತ್ತು ಬಿಗಿಯಾಯಿತೆಂದು ಮಣಿಕಟ್ಟು ಹೇಳುವ ಮಾತನ್ನು ಎಲ್ಲಿ ಬರೆದಿಡುವುದು?

ಹಾಗಾದರೆ ಹದಿನೆಂಟರ ತರುಣನು ಇದನ್ನು ಏಕೆ ಕಲಿಯಬೇಕು? ಹೊಟ್ಟೆಪಾಡಿಗೆ ಹುಟ್ಟೊಂದೇ ಸಾಲದು. ಬಾಗಿಲು ಕಿಟಕಿಗಳನ್ನೂ ಮಾಡಬೇಕಾದೀತು. ಅವನಿಗೆ ಉತ್ತರ ಸಿಕ್ಕುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೊಡ್ಡ ದೋಣಿಗಳಿಗೆ ಕಡಲು ನಿಷಿದ್ಧ; ದಕ್ಕೆಯ ಉದ್ದಕ್ಕೂ ಅವು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಕಡಲಿಗೆ ಹೋಗುವುದು ನಾಡದೋಣಿಗಳು ಮಾತ್ರ. ಆಗ ಅಳಿವೆಬಾಗಿಲಿನಲ್ಲಿ ಎರಡು ಹೊಳೆಗಳ ಕೆಂಪು ನೀರು ಹೊರಕ್ಕೆ ನೂಕುತ್ತದೆ, ಕಡಲು ಒಳಕ್ಕೆ ನೂಕುತ್ತದೆ, ಅಡಿಯಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಿರುತ್ತದೆ. ಅಲ್ಲಿ ದೋಣಿಯ ಮೂತಿ ಅಲೆಗೆ ಇದಿರಾಗಿಯೇ ಇರಬೇಕು, ಅಡ್ಡಬಿದ್ದರೆ ಮಗುಚುತ್ತದೆ. ಸೀಮೆಎಣ್ಣೆಯ ಯಂತ್ರಕ್ಕೆ ನೀರು ನುಗ್ಗಿ ಅದು ಸುಮ್ಮನಾಗಲು ಇದಕ್ಕಿಂತ ಕೆಟ್ಟ ಸ್ಥಳವಿಲ್ಲ, ಇದಕ್ಕಿಂತ ಅನುಕೂಲವಾದ ಸ್ಥಳವೂ ಇಲ್ಲ. ಬಲೆಯ ಪಕ್ಕದಲ್ಲಿ ವರ್ಷವೆಲ್ಲ ಮಲಗಿದ್ದ ಹುಟ್ಟು ಎದ್ದು ಕುಣಿಕೆಗೆ ಬರುವುದು ಆಗ. ಗಂಟಿದ್ದ ಮರ ಆ ಹೊತ್ತಿಗೆ ಮುರಿಯುತ್ತದೆ. ಎಳೆ ನೇರವಿದ್ದುದು ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ, ಮೂತಿಯನ್ನು ಅಲೆಗೆ ತಿರುಗಿಸುತ್ತದೆ.

ತರುಣನು ಮಾಡಿದ ಮೊದಲ ಹುಟ್ಟು ಬೆಂಗ್ರೆಯ ಒಂದು ನಾಡದೋಣಿಗೆ ಹೋಗುತ್ತದೆ. ಹಣದ ಮಾತು ಆಮೇಲೆ. ಮೊದಲು ಕಡಲು ಒಪ್ಪಬೇಕು. ಮರುದಿನ ಸಂಜೆ, ಮಳೆ ಒಂದಿಷ್ಟು ಹೊಳವಾದಾಗ, ದೋಣಿಯವನು ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಅಂಗಳಕ್ಕೆ ಬರುತ್ತಾನೆ. ಅರುವತ್ತು ದಾಟಿದ ಮನುಷ್ಯ. ಮಾತು ಕಡಿಮೆ.

“ತೂಕ ಸರಿಯಿದೆ,” ಎನ್ನುತ್ತಾನೆ. “ಕತ್ತು ಬಿಗಿ. ಇಲ್ಲಿ ಬರುತ್ತದೆ ಪೆಟ್ಟು.” ಮಣಿಕಟ್ಟನ್ನು ಮುಂದೆ ಚಾಚಿ ತೋರಿಸುತ್ತಾನೆ.

ಆಚಾರಿ ಹುಟ್ಟನ್ನು ಮುಟ್ಟುವುದಿಲ್ಲ; ತರುಣನ ಕಡೆಗೆ ನೋಡುತ್ತಾರೆ. ಅವನು ಕೀಸುಳಿಗೆ ಕೈಹಾಕಿ, ಮರವನ್ನು ಸವರಿ ನೋಡಿ, ಮತ್ತೆ ಕೆಳಗಿಡುತ್ತಾನೆ. ಒದ್ದೆ ಮರವನ್ನು ಕೀಸಿದರೆ ಎಳೆ ಕಿತ್ತುಬರುತ್ತದೆ. ನಾಲ್ಕು ದಿನವಾದರೂ ಆರಬೇಕು.

“ಅಷ್ಟರವರೆಗೆ ಹಳೆಯದರಲ್ಲೇ ಹೋಗುತ್ತೇನೆ,” ಎಂದು ದೋಣಿಯವನು ಹೊರಡುತ್ತಾನೆ.

ತರುಣನು ಹುಟ್ಟನ್ನು ಎರಡೂ ಕೈಗಳಿಂದ ಎತ್ತಿ, ಗಾಳಿಯಾಡುವ ಕಡೆ, ಮಾಡಿನ ಜಂತಿಗೆ ತೂಗುಹಾಕುತ್ತಾನೆ.